ಎರಡೂರಿಗೊಬ್ಬ ಸೂಪರಿಂಟೆಂಡೆಂಟ್

ಆ ಶುಕ್ರವಾರದ ರಾದ್ಧಾಂತಕ್ಕೆಲ್ಲ ಮೂಲ ಕಾರಣ ಗಾಳಿ. ಹಿಮವಲ್ಲ. ಹಿಮ ಎರಡೂ ಊರಿಗೆ ಸಮನಾಗಿ ನಾಲ್ಕಂಗುಲ ಬಿದ್ದಿತ್ತು, ಅದಕ್ಕೆ ಪಕ್ಷಪಾತ ತಿಳಿಯದು. ಗಾಳಿ ಮಾತ್ರ ಟಿಲ್ಬಿಯ ಬಯಲು ಹೊಲಗಳ ಮೇಲೆ ಬೀಸಿ, ಅಲ್ಲಿದ್ದ ಹಿಮವನ್ನೆಲ್ಲ ಗುಡಿಸಿ ತಂದು ಜಲ್ಲಿರಸ್ತೆಗಳ ಮೇಲೆ ರಾಶಿ ಹಾಕಿತು. ಹದಿನೇಳು ಮೈಲಿ ಆಚೆ, ಹೊಳೆಯ ತಗ್ಗಿನಲ್ಲಿ ಬೆಚ್ಚಗೆ ಕೂತ ನಾರ್‌ಹೋಮ್‌ನಲ್ಲಿ ಶಾಲೆಯ ಬಾವುಟ ಕೂಡ ಅಲುಗಲಿಲ್ಲ.

ಬೆಳಗಿನ ಐದು ಗಂಟೆಗೆ ಇದನ್ನು ಕಣ್ಣಾರೆ ಕಂಡವರು ವರ್ಲಿನ್ ಬ್ರೆಕೆ ಒಬ್ಬರೇ. ಎರಡೂ ಊರಿನ ಶಾಲೆಗಳಿಗೆ ಸೇರಿ ಅವರೊಬ್ಬರೇ ಸೂಪರಿಂಟೆಂಡೆಂಟ್, ಅಂದರೆ ಶಾಲೆಗಳ ಮುಖ್ಯಾಧಿಕಾರಿ. ಹಿಮ ಬಿದ್ದ ದಿನ ಸೂಪರಿಂಟೆಂಡೆಂಟ್ ಆದವನು ಊರು ಏಳುವ ಮೊದಲೇ ಎದ್ದು, ಶಾಲೆಯ ಬಸ್ಸು ಹೋಗುವ ರಸ್ತೆಗಳಲ್ಲೆಲ್ಲ ತನ್ನ ಗಾಡಿ ಓಡಿಸಿ ನೋಡಬೇಕು. ಆರು ಗಂಟೆಯೊಳಗೆ ಶಾಲೆ ಉಂಟೋ ಇಲ್ಲವೋ ಹೇಳಬೇಕು. ಉಂಟು ಎಂದರೂ ಬೈಗುಳ, ಇಲ್ಲ ಎಂದರೂ ಬೈಗುಳ. ಒಂದು ಊರಿನಿಂದ ಬೈಸಿಕೊಳ್ಳುವುದಕ್ಕೇ ಒಬ್ಬ ಮನುಷ್ಯ ಪೂರ್ತಿ ಬೇಕು. ಇವರು ಅದೇ ಒಬ್ಬನನ್ನು ಎರಡು ಊರಿಗೆ ಹಂಚಿದ್ದರು.

ಅಯೋವಾದ ನಮ್ಮ ಭಾಗದಲ್ಲಿ ಮಕ್ಕಳು ಕಡಿಮೆಯಾಗಿ, ಇಡೀ ಒಬ್ಬ ಸೂಪರಿಂಟೆಂಡೆಂಟನ್ನು ಸಾಕುವ ಶಕ್ತಿ ಯಾವ ಊರಿಗೂ ಉಳಿದಿಲ್ಲ. ‘ಹಂಚಿಕೊಳ್ಳಿ, ಬಹುಮಾನ ಕೊಡುತ್ತೇವೆ’ ಎಂದು ರಾಜಧಾನಿಯಲ್ಲಿ ಕೂತವರು ಹೇಳಿದರು. ಹಿಮ ತಳ್ಳುವ ಯಂತ್ರವನ್ನು ಹಂಚಿಕೊಳ್ಳಿ, ಬೇಡವೆನ್ನುವುದಿಲ್ಲ. ಯಂತ್ರಕ್ಕೆ ಮಾನ ಮರ್ಯಾದೆ ಇಲ್ಲ. ಮನುಷ್ಯನನ್ನು ಹೇಗಯ್ಯಾ ಹಂಚುವುದು? ಇವರು ಹನ್ನೊಂದು ಪುಟದ ಒಪ್ಪಂದ ಬರೆದು ಹಂಚಿಯೇ ಬಿಟ್ಟರು. ಸೋಮವಾರ, ಬುಧವಾರ ಟಿಲ್ಬಿಗೆ. ಮಂಗಳವಾರ, ಗುರುವಾರ ನಾರ್‌ಹೋಮ್‌ಗೆ. ಶುಕ್ರವಾರ ಒಂದು ವಾರ ಇವರಿಗೆ, ಒಂದು ವಾರ ಅವರಿಗೆ.

ಮನೆ ಎಲ್ಲಿ ಮಾಡಬೇಕೆಂಬುದಕ್ಕೂ ಜಗಳವಾಯಿತು. ಕೊನೆಗೆ ಎರಡೂ ಊರಿನ ಗಡಿ ನಟ್ಟನಡುವೆ ಹಾದುಹೋಗುವ ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದರು. ಬ್ರೆಕೆ ಮಲಗುವುದು ಟಿಲ್ಬಿಯಲ್ಲಿ, ಉಣ್ಣುವುದು ನಾರ್‌ಹೋಮ್‌ನಲ್ಲಿ. ಅವರ ಹೆಂಡತಿ ಆರ್ಡಿಸ್ ಒಂದು ಜಾಕೀಟು ಹೊಲಿದುಕೊಟ್ಟಿದ್ದಳು. ಒಂದು ಮೈ ಕೆಂಪು, ಟಿಲ್ಬಿಯ ಬಣ್ಣ. ತಿರುವಿ ಹಾಕಿದರೆ ಹಸಿರು, ನಾರ್‌ಹೋಮ್‌ನದು. ಎರಡೂ ಊರುಗಳ ನಡುವೆ ಬ್ಯಾಸ್ಕೆಟ್‌ಬಾಲ್ ಪಂದ್ಯ ಬಿದ್ದಾಗ ಬ್ರೆಕೆ ಮೊದಲರ್ಧ ಆಟ ನಡೆಯುವ ಊರಿನವರ ಕಡೆ ಕೂತು, ನಡುವಿನ ವಿರಾಮದಲ್ಲಿ ಇಡೀ ಊರು ನೋಡುತ್ತಿದ್ದ ಹಾಗೆ ಅಂಗಣ ದಾಟಿ, ಜಾಕೀಟು ತಿರುವಿ, ಎದುರು ಕಡೆ ಹೋಗಿ ಕೂರಬೇಕು. ಅರವತ್ತೊಂದು ವರ್ಷದ ಮನುಷ್ಯ!

ಇದನ್ನೆಲ್ಲ ಅವರು ನಾಲ್ಕು ವರ್ಷ ಹಲ್ಲು ಕಚ್ಚಿ ಸಹಿಸಿದ್ದು ಒಪ್ಪಂದದ ಮೂರನೇ ಪುಟದ ಒಂದು ಸಾಲಿಗಾಗಿ: ‘ಎರಡು ಅರ್ಧ ಸೇರಿ ಒಂದು ಪೂರ್ಣ ನೌಕರಿ.’ ಇನ್ನೊಂದೇ ಒಂದು ವರ್ಷ ಪೂರ್ಣ ನೌಕರಿ ಮಾಡಿದರೆ ಪೂರ್ಣ ಪಿಂಚಣಿ. ಮಿನೆಸೋಟಾದ ಒಂದು ಕೆರೆಯ ದಂಡೆಯ ಪುಟ್ಟ ಮನೆಯ ಚಿತ್ರವನ್ನು ಆರ್ಡಿಸ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅದರ ಕಿಟಕಿಗಳಿಗೆ ಪರದೆ ಬಟ್ಟೆಯನ್ನೂ ತಂದಿಟ್ಟಿದ್ದಳು. ಆ ಒಂದು ವರ್ಷ ಕೊಡುವುದೋ ಬೇಡವೋ ಎಂದು ಎರಡೂ ಊರಿನ ಶಾಲಾ ಮಂಡಳಿಗಳು ಓಟು ಹಾಕಬೇಕಿದ್ದದ್ದು ಇದೇ ಶುಕ್ರವಾರ, ಸಂಜೆ ಐದೂವರೆಗೆ, ಟಿಲ್ಬಿ ಶಾಲೆಯ ಗ್ರಂಥಾಲಯದಲ್ಲಿ. ಅದಾದ ಮೇಲೆ ಅಲ್ಲೇ ಟಿಲ್ಬಿ ನಾರ್‌ಹೋಮ್ ಪಂದ್ಯ.

ಇಷ್ಟು ತಲೆಯಲ್ಲಿಟ್ಟುಕೊಂಡೇ ಬ್ರೆಕೆ ಆ ಬೆಳಿಗ್ಗೆ ಪ್ರಾಮಾಣಿಕವಾಗಿ ಕಂಡದ್ದನ್ನು ಕಂಡಂತೆ ಹೇಳಿದರು. ಟಿಲ್ಬಿಗೆ ರಜೆ. ನಾರ್‌ಹೋಮ್‌ಗೆ ಶಾಲೆ. ಪ್ರಾಮಾಣಿಕತೆ ಅವರಿಗೆ ಎಲ್ಲಿಂದ ಅಂಟಿತ್ತೋ, ದೇವರೇ ಬಲ್ಲ.

ಆರೂ ಐದಕ್ಕೆ ಫೋನು. ಟಿಲ್ಬಿ ಮಂಡಳಿಯ ಅಧ್ಯಕ್ಷ ಡ್ವೇನ್ ಕುಬಿಚೆಕ್. ಊರಿನ ಧಾನ್ಯದ ಗೋದಾಮು ನಡೆಸುವವನು, ಫೋನಿನಲ್ಲೂ ಲಾರಿಯ ಸದ್ದು ಮೀರಿ ಮಾತಾಡುವ ಅಭ್ಯಾಸದವನು.

“ಏನಯ್ಯಾ ವರ್ಲಿನ್, ನಮಗೆ ರಜಾನಾ?”

“ಡ್ವೇನ್, ನಿನ್ನ ಮನೆ ಮುಂದೇನೇ ಸೊಂಟದೆತ್ತರ ಹಿಮ ನಿಂತಿದೆ. ನನ್ನ ಗಾಡಿ ಜಾರಿ ನಿನ್ನ ಅಂಚೆ ಡಬ್ಬಿಗೆ ಮುತ್ತು ಕೊಟ್ಟು ಬಂತು.”

“ನಾರ್‌ಹೋಮ್‌ಗೆ?”

“ಅಲ್ಲಿ ರಸ್ತೆ ಚೆನ್ನಾಗಿದೆ.”

“ಹಂಗೆ ಹೇಳು ಮತ್ತೆ! ನಮ್ಮ ಹುಡುಗರು ಮನೇಲಿ ಕೂತು ಗೋಡೆ ನೋಡ್ಲಿ, ಅವರ ಹುಡುಗರು ಸಂಜೆವರೆಗೂ ಚೆಂಡು ಹಿಡ್ಕೊಂಡು ಅಭ್ಯಾಸ ಮಾಡ್ಲಿ.”

“ಯಾವ ಪಂದ್ಯಕ್ಕಪ್ಪಾ ಅಭ್ಯಾಸ? ಶಾಲೆ ಇಲ್ಲದ ದಿನ ಆಟಾನೂ ಇಲ್ಲ. ನಿಮ್ಮ ಮಂಡಳೀನೇ ಮಾಡಿದ ನಿಯಮ.”

ಆ ಕಡೆಯಿಂದ ಸಿಡಿಲು ಬಿತ್ತು.

“ಮುನ್ನೂರು ದಾಲ್ಚಿನ್ನಿ ಬನ್ನಿಗೆ ಹಿಟ್ಟು ಕಲಸಿಟ್ಟಿದ್ದಾರೆ ನಮ್ಮ ಚರ್ಚಿನ ಹೆಂಗಸರು! ನಾಲ್ಕು ಹಂಡೆ ಮಾಂಸದ ಸಾರಿಗೆ ಬೀನ್ಸು ನೆನೆ ಹಾಕಿದ್ದಾರೆ! ಪಂದ್ಯದ ಊಟ ಕಣಯ್ಯಾ ಇದು. ಆ ಹಿಟ್ಟು ಈಗಲೇ ಉಬ್ತಾ ಇದೆ. ಅದಕ್ಕೆ ಹೋಗಿ ನಿಯಮ ಓದಿ ಹೇಳ್ತೀಯಾ ನೀನು?”

“ಡ್ವೇನ್, ಮಕ್ಕಳ ಕ್ಷೇಮ...”

“ಮಲಗೋದು ನಮ್ಮೂರಲ್ಲಿ, ಉಪ್ಪು ತಿನ್ನೋದು ಅವರೂರಲ್ಲಿ. ಗೊತ್ತಿರೋ ವಿಷಯಾನೇ ಬಿಡು. ಸಂಜೆ ಓಟು ಹಾಕೋವಾಗ ನಾವೂ ನೆನಪಿಟ್ಕೋತೀವಿ.”

ಬ್ರೆಕೆಗೆ ಫ್ರಿಜ್ಜಿನ ಮೇಲಿನ ಕೆರೆ ಕಣ್ಣಿಗೆ ಬಿತ್ತು. ಆರೂಕಾಲಿಗೆ ಎರಡನೇ ಪ್ರಕಟಣೆ ಹೊರಟಿತು: ಟಿಲ್ಬಿಗೆ ರಜೆ ಇಲ್ಲ, ಶಾಲೆ ಎರಡು ಗಂಟೆ ತಡವಾಗಿ ಶುರು.

ಇದೇ ಅವರು ಮಾಡಿದ ಮೊದಲ ತಪ್ಪು. ಹಿಟ್ಟು ಉಬ್ಬಿತೆಂದು ಶಾಲೆ ತೆರೆದವರು ನಮ್ಮ ಕೌಂಟಿಯ ಚರಿತ್ರೆಯಲ್ಲಿ ಅವರೊಬ್ಬರೇ ಇರಬೇಕು.

ಆ ದಿನ ನಾರ್‌ಹೋಮ್‌ನವರ ಶುಕ್ರವಾರ. ಎಂಟು ಗಂಟೆಗೆ ಬ್ರೆಕೆ ಹಸಿರು ಮೈ ಹೊರಗೆ ಮಾಡಿಕೊಂಡು ಅಲ್ಲಿನ ಕಚೇರಿಗೆ ಬಂದಾಗ, ಅವರ ಕುರ್ಚಿಯ ಎದುರು ನಾರ್‌ಹೋಮ್ ಮಂಡಳಿಯ ಅಧ್ಯಕ್ಷೆ ಜೋಯಾನ್ ಲಿಂಡಾಲ್ ಕೂತಿದ್ದಳು. ಎರಡು ಸಾವಿರ ಹಂದಿಗಳ ಒಡತಿ. ಎಂದೂ ದನಿ ಎತ್ತಿದವಳಲ್ಲ, ಎತ್ತುವ ಅಗತ್ಯ ಬಿದ್ದದ್ದೂ ಇಲ್ಲ.

“ಬ್ರೆಕೆಯವರೇ, ಒಂದು ಸಣ್ಣ ಪ್ರಶ್ನೆ. ನಮ್ಮ ಮಕ್ಕಳು ಕತ್ತಲಲ್ಲೇ ಬಸ್ಸು ಹತ್ತಿದ್ರು. ಟಿಲ್ಬಿ ಮಕ್ಕಳು ಇನ್ನೂ ಹೊದ್ದು ಮಲಗಿದ್ದಾರೆ. ಪಂದ್ಯದ ದಿನ ಅವರಿಗೆ ಎರಡು ಗಂಟೆ ನಿದ್ದೆ ಜಾಸ್ತಿ. ಇದಕ್ಕೆ ಏನಂತಾರೆ?”

“ಗಾಳಿ ಅಂತಾರೆ, ಜೋಯಾನ್.”

“ನಾನು ಅನ್ಯಾಯ ಅಂತೀನಿ.”

“ಮಕ್ಕಳು ಆಗಲೇ ಬಂದು ಕೂತಿದ್ದಾರಲ್ಲ, ಈಗ ವಾಪಸ್ಸು ಮಲಗಿಸೋಕಾಗುತ್ತಾ?”

“ಬೆಳಿಗ್ಗೆ ಕಳ್ಕೊಂಡಿದ್ದನ್ನ ಮಧ್ಯಾಹ್ನ ಕೊಡಿ. ಎರಡು ಗಂಟೆ ಮುಂಚೆ ಬಿಡಿ. ಸಂಜೆ ನಮ್ಮ ಮಂಡಳಿ ಇದನ್ನ ತುಂಬಾ ಮೆಚ್ಕೊಳ್ಳುತ್ತೆ.”

ಆಕೆ ಹೋದ ಮೇಲೆ ಬ್ರೆಕೆ ಮೂರನೇ ಪ್ರಕಟಣೆ ಬರೆದು ಕಚೇರಿಯ ಮೇವಿಸ್‌ಗೆ ಕೊಟ್ಟರು. ಮೇವಿಸ್‌ಗೆ ಎಪ್ಪತ್ತೆರಡು. ಆ ಕುರ್ಚಿಯಲ್ಲಿ ಕೂತು ಎದ್ದುಹೋದ ಒಂಬತ್ತು ಸೂಪರಿಂಟೆಂಡೆಂಟರನ್ನು ಕಂಡವಳು. ಓದಿ ಕನ್ನಡಕ ತೆಗೆದಳು.

“ವರ್ಲಿನ್, ಇದು ಶಾಲೆ ಕಣಪ್ಪಾ, ಹುಟ್ಟುಹಬ್ಬದ ಕೇಕಲ್ಲ. ಎಲ್ಲರ ತಟ್ಟೆಗೂ ಸಮಾ ಬೀಳ್ಲಿ ಅಂತ ಕೊಯ್ತಾ ಹೋದ್ರೆ ನಿನ್ನ ಕೈಗೆ ಚಾಕು ಮಾತ್ರ ಉಳಿಯುತ್ತೆ.”

“ಇನ್ನೊಂದು ವರ್ಷ ಮೇವಿಸ್. ಒಂದೇ ವರ್ಷ.”

“ಒಂಬತ್ತು ಜನಾನೂ ಹಿಂಗೇ ಅಂದ್ರು.”

ಹತ್ತೂಕಾಲಿಗೆ ಮತ್ತೆ ಫೋನು. ಟಿಲ್ಬಿಯ ನಾಲ್ಕನೇ ನಂಬರಿನ ಬಸ್ಸು ಹಿಮದಲ್ಲಿ ಹೂತು ನಿಂತಿದೆ. ಎಲ್ಲಿ? ಡ್ವೇನ್ ಕುಬಿಚೆಕ್‌ನ ಮನೆಯೆದುರು, ಬೆಳಿಗ್ಗೆ ಬ್ರೆಕೆಯ ಗಾಡಿ ಮುತ್ತು ಕೊಟ್ಟ ಅದೇ ಅಂಚೆ ಡಬ್ಬಿಯ ಪಕ್ಕ.

ಬ್ರೆಕೆ ಸಲಿಕೆ ಎತ್ತಿಕೊಂಡು ಹದಿನೇಳು ಮೈಲಿ ಗಾಡಿ ಓಡಿಸಿದರು. ಬಸ್ಸಿನ ಮಕ್ಕಳೆಲ್ಲ ಸುಖವಾಗಿ ಇಳಿದು ಒಬ್ಬರಿಗೊಬ್ಬರು ಹಿಮದುಂಡೆ ಎಸೆಯುತ್ತಿದ್ದರು. ಡ್ವೇನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಬೆಳಿಗ್ಗೆ ಈ ರಸ್ತೆ ನೋಡಿದ್ದೆ ತಾನೇ ನೀನು?”

“ನೋಡಿದ್ದೆ.”

“ಕೆಟ್ಟಿದೆ ಅಂತ ಗೊತ್ತಿತ್ತು ತಾನೇ?”

“ಗೊತ್ತಿತ್ತು. ನಿನಗೂ ಹೇಳಿದ್ದೆ.”

“ಮತ್ಯಾಕಯ್ಯಾ ಬಸ್ಸು ಬಿಟ್ಟೆ? ಇಲ್ಲಿ ಸೂಪರಿಂಟೆಂಡೆಂಟ್ ಯಾರು, ನೀನೋ ನಾನೋ?”

ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಅನ್ನುತ್ತಾರೆ. ಇಲ್ಲಿ ಕಲ್ಲು ಹಾಕಿದವನೇ ಬಂದು ಮೊಸರು ಯಾಕೆ ಹೀಗಿದೆ ಎಂದು ಕೇಳುತ್ತಿದ್ದ! ಬ್ರೆಕೆ ಸಲಿಕೆ ಹಿಡಿದು ಹಿಮ ಎತ್ತತೊಡಗಿದರು. ಅರ್ಧ ಗಂಟೆಯಲ್ಲಿ ಬಸ್ಸು ಇನ್ನೂ ಒಂದಡಿ ಕೆಳಗಿಳಿಯಿತು.

ಅಷ್ಟರಲ್ಲಿ ಗುಡುಗುಡು ಸದ್ದು. ಗಡಿಯಾಚೆಯ ಹೊಲದಿಂದ ಆಳೆತ್ತರದ ಚಕ್ರಗಳ ಹಸಿರು ಟ್ರ್ಯಾಕ್ಟರು ಬಂತು. ಮೇಲೆ ಜೋಯಾನ್ ಲಿಂಡಾಲ್ ತಾನೇ ಕೂತಿದ್ದಳು. ಒಂದು ಮಾತಾಡದೆ ಸರಪಳಿ ಬಿಗಿದು, ಟಿಲ್ಬಿಯ ಕೆಂಪು ಪಟ್ಟೆಯ ಬಸ್ಸನ್ನು ಹಸಿರು ಟ್ರ್ಯಾಕ್ಟರಿನಿಂದ ಎಳೆದು ರಸ್ತೆಗೆ ಹಾಕಿದಳು. ಟಿಲ್ಬಿಯ ಮಾನ ಅದರ ಹಿಂದೆಯೇ ಎಳೆದುಕೊಂಡು ಬಂತು. ಡ್ವೇನ್‌ನ ಕತ್ತು ಬಸ್ಸಿನ ಪಟ್ಟೆಯಷ್ಟೇ ಕೆಂಪಾಯಿತು.

ಸರಪಳಿ ಸುತ್ತುತ್ತ ಜೋಯಾನ್ ಕೇಳಿದಳು. “ಇವತ್ತು ನಮ್ಮ ಶುಕ್ರವಾರ. ನಮ್ಮ ಸೂಪರಿಂಟೆಂಡೆಂಟ್ ನಿಮ್ಮ ಹಿಮ ಯಾಕೆ ಎತ್ತುತ್ತಿದ್ದಾರೆ?”

“ನಿಮ್ಮ ಶುಕ್ರವಾರ? ಹೋದ ಶುಕ್ರವಾರ ನಮ್ಮದಿತ್ತು. ಇವನು ಹಲ್ಲು ಕೀಳಿಸೋಕೆ ಹೋಗಿದ್ದ. ಅದಕ್ಕೆ ಬದಲಿ ಇವತ್ತಿಂದು ನಮಗೆ ಬರಬೇಕು.”

“ಹಲ್ಲು ಕಿತ್ತಿದ್ದು ನಿಮ್ಮ ಶುಕ್ರವಾರ, ಸರಿ. ನೋವು ನಮ್ಮ ಮಂಗಳವಾರದವರೆಗೂ ಇತ್ತು. ನಾವು ಬದಲಿ ಕೇಳಿದ್ವಾ?”

ಹಲ್ಲಿನ ಯಜಮಾನ ಇಬ್ಬರ ನಡುವೆ ಸಲಿಕೆ ಹಿಡಿದು ನಿಂತಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ನಾರ್‌ಹೋಮ್ ಶಾಲೆ ಎರಡು ಗಂಟೆ ಮೊದಲೇ ಬಿಟ್ಟಿತು. ಬಿಟ್ಟ ಮೇಲೆ ಗೊತ್ತಾದದ್ದು, ಅರ್ಧಕ್ಕರ್ಧ ಮನೆಗಳಲ್ಲಿ ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾರೆಂದು. ಮೂವತ್ತು ಚಿಕ್ಕ ಮಕ್ಕಳು ಶಾಲೆಯಲ್ಲೇ ಉಳಿದವು. ಬ್ರೆಕೆ ಅವುಗಳಿಗೆ ಬೂಟು ಹಾಕಿ, ಬೂಟು ಬಿಚ್ಚಿ, ಮೂಗು ಒರೆಸಿ ಕೂತರು. ಬಂದ ಒಬ್ಬೊಬ್ಬ ಪೋಷಕರೂ ಒಂದೊಂದು ಬೈಗುಳ ಕೊಟ್ಟು ಒಂದೊಂದು ಮಗುವನ್ನು ಒಯ್ದರು. ಕೊನೆಗೆ ಬಂದ ಒಬ್ಬ ಅಜ್ಜಿ ಮೊಮ್ಮಗಳ ಕೈಹಿಡಿದು, ಬ್ರೆಕೆಯವರನ್ನು ಮೇಲಿಂದ ಕೆಳಗೆ ನೋಡಿ, ಮೇವಿಸ್‌ನ ಕಡೆ ತಿರುಗಿದಳು.

“ಇದು ನಮ್ಮದಾ, ಅವರದಾ?”

ಬೀದಿನಾಯಿಯನ್ನು ತೋರಿಸಿ ಕೇಳುವ ಹಾಗೆ ಕೇಳಿದಳು. ಆ ಮಾತು ಬ್ರೆಕೆಯ ಎದೆಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತು.

ಐದೂವರೆಗೆ ಟಿಲ್ಬಿಯ ಗ್ರಂಥಾಲಯದಲ್ಲಿ ಮೇಜಿನ ಈಚೆ ಐದು ಜನ, ಆಚೆ ಐದು ಜನ. ಇಬ್ಬರ ನಡುವೆ, ಮೇಜಿನ ತುದಿಯಲ್ಲಿ ಬ್ರೆಕೆ. ನಡಾವಳಿ ಬರೆಯಲು ಮೇವಿಸ್. ಹೊರಗಿನ ಊಟದ ಕೋಣೆಯಿಂದ ದಾಲ್ಚಿನ್ನಿ ಬನ್ನಿನ ಪರಿಮಳ ತೇಲಿ ಬರುತ್ತಿತ್ತು. ಬೆಳಗಿನಿಂದ ಬ್ರೆಕೆಯ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಾಫಿ ಮಾತ್ರ.

“ಮೊದಲು ರಜಾ ಅಂದ, ಆಮೇಲೆ ಇಲ್ಲ ಅಂದ. ಮಾತಿಗೆ ನಿಲ್ಲೋ ಮನುಷ್ಯ ಅಲ್ಲ,” ಎಂದ ಡ್ವೇನ್.

“ಮಕ್ಕಳನ್ನ ಹೇಳದೆ ಕೇಳದೆ ಎರಡು ಗಂಟೆ ಮುಂಚೆ ಬಿಟ್ರು. ನಮ್ಮ ಪೋಷಕರಿಗೆ ಬೇಸರವಾಗಿದೆ,” ಎಂದಳು ಜೋಯಾನ್.

ಬ್ರೆಕೆ ಆಕೆಯನ್ನು ನೋಡಿದರು. ಅವನನ್ನು ನೋಡಿದರು. ಆಮೇಲೆ ನಿಧಾನಕ್ಕೆ ಎದ್ದು ನಿಂತರು. ನಾಲ್ಕು ವರ್ಷ ಒಳಗೇ ಉಬ್ಬಿದ ಹಿಟ್ಟು ಪಾತ್ರೆ ದಾಟಿತು.

“ರಜಾ ಬೇಡ ಅಂದವನು ನೀನು ಡ್ವೇನ್! ಬೇಗ ಬಿಡಿ ಅಂದವರು ನೀವು ಜೋಯಾನ್! ನಾಚಿಕೆ ಆಗಬೇಕು ನಿಮಗೆ. ಬೆಳಿಗ್ಗೆ ಆರು ಗಂಟೆಗೆ ನಾನು ಸತ್ಯ ಹೇಳಿದ್ದೆ. ಅದನ್ನ ನೀವಿಬ್ಬರೂ ಸೇರಿ ಹಿಂಡಿ ಹಿಂಡಿ ಸುಳ್ಳು ಮಾಡಿದ್ರಿ, ಈಗ ನನ್ನನ್ನೇ ಸುಳ್ಳ ಅಂತೀರಿ. ನನ್ನ ಹಾಸಿಗೆ ಹಂಚಿದ್ರಿ, ಅಡುಗೆಮನೆ ಹಂಚಿದ್ರಿ, ನನ್ನ ಹಲ್ಲುನೋವನ್ನೂ ಹಂಚಿದ್ರಿ! ಇಪ್ಪತ್ತೆಂಟು ವರ್ಷ ಮೇಷ್ಟ್ರ ಕೆಲಸ ಮಾಡಿ ಬಂದವನು ನಾನು. ಇವತ್ತು ಒಬ್ಬ ಅಜ್ಜಿ ನನ್ನನ್ನ ಬೀದಿನಾಯಿ ಹಾಗೆ ‘ಇದು ಯಾರದ್ದು’ ಅಂತ ಕೇಳಿದ್ಲು. ಕೇಳಿ ಈಗ. ನಾನು ಯಾರವನೂ ಅಲ್ಲ. ಪಿಂಚಣಿ ಹಾಳಾಗಿ ಹೋಗ್ಲಿ. ರಾಜೀನಾಮೆ!”

ಜಾಕೀಟು ಬಿಚ್ಚಿ ಮೇಜಿನ ಮೇಲೆ ಎಸೆದರು. ಅದು ಒಂದು ತೋಳು ಕೆಂಪು, ಒಂದು ತೋಳು ಹಸಿರಾಗಿ ಬಿತ್ತು.

ಮೊದಲು ಚೇತರಿಸಿಕೊಂಡವನು ಡ್ವೇನ್. “ಟಿಲ್ಬಿ ರಾಜೀನಾಮೆ ಒಪ್ಪುತ್ತೆ. ಒಪ್ಪೋರು ಕೈಯೆತ್ತಿ.” ಐದು ಕೈ ಮೇಲೆದ್ದವು.

ಆಚೆ ಕಡೆ ಐದು ತಲೆಗಳು ಒಂದೆಡೆ ಸೇರಿ ಪಿಸುಗುಟ್ಟಿದವು. ಜೋಯಾನ್ ತಲೆಯೆತ್ತಿದಳು. “ಟಿಲ್ಬಿಯವರು ಇಷ್ಟು ಖುಷಿಯಾಗಿ ಬಿಟ್ಟುಕೊಡ್ತಿದ್ದಾರೆ ಅಂದ್ರೆ ಈ ಮನುಷ್ಯನಲ್ಲಿ ಏನೋ ಬೆಲೆ ಇರ್ಲೇಬೇಕು. ನಾರ್‌ಹೋಮ್ ಒಪ್ಪಲ್ಲ. ನಮ್ಮ ಪಾಲನ್ನ ನಾವು ಮುಂದುವರಿಸ್ತೀವಿ.” ಅಲ್ಲೂ ಐದು ಕೈ.

“ಬಿಟ್ಟೆ ಅಂದೆನಲ್ಲ ನಾನು!” ಎಂದು ಬ್ರೆಕೆ ಕೂಗಿದರು.

“ಮಂಡಳಿ ಒಪ್ಪೋವರೆಗೂ ಬಿಟ್ಟ ಹಾಗಲ್ಲ ಕಣಪ್ಪಾ,” ಎಂದಳು ಮೇವಿಸ್, ಬರೆಯುವುದನ್ನು ನಿಲ್ಲಿಸದೆ. “ಒಪ್ಪಿಗೆ ಇಲ್ದೆ ಎದ್ದು ಹೋದ್ರೆ ಶಾಲೆ ಕೆಲಸ ಮಾಡೋ ನಿನ್ನ ಪರವಾನಗೀನೂ ಹೋಗುತ್ತೆ. ಕೂತ್ಕೋ.”

ಬ್ರೆಕೆ ಕೂತರು. ಕೂತ ಮೇಲೆ ನಿಧಾನವಾಗಿ ಒಂದು ವಿಷಯ ತಲೆಗೆ ಹೊಳೆಯಿತು. ಟಿಲ್ಬಿ ಕಳಚಿಕೊಂಡಿತು. ಉಳಿದದ್ದು ಒಂದೇ ಊರು, ಒಂದೇ ಬಣ್ಣ, ಒಂದೇ ಶುಕ್ರವಾರ. ವಿರಾಮದಲ್ಲಿ ಅಂಗಣ ದಾಟುವ ಕೆಲಸವಿಲ್ಲ. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅವರಿಗೆ ತಾನು ಇಡಿಯಾಗಿದ್ದೇನೆ ಅನ್ನಿಸಿತು. ಮುಖದ ಮೇಲೆ ನಗು ಮೂಡುವುದರಲ್ಲಿತ್ತು.

ಆಗ ಟಿಲ್ಬಿಯ ಸದಸ್ಯರೊಬ್ಬರು ಡ್ವೇನ್‌ನ ಕಿವಿಯಲ್ಲಿ ಏನೋ ಹೇಳಿದರು. ಡ್ವೇನ್‌ನ ಮುಖ ಇಳಿಯಿತು. ಸೂಪರಿಂಟೆಂಡೆಂಟ್ ಇಲ್ಲದ ಶಾಲೆ ಸೋಮವಾರ ಬಾಗಿಲು ತೆರೆಯುವ ಹಾಗಿಲ್ಲ, ಅದು ಕಾನೂನು. ಭಾನುವಾರ ಮತ್ತೆ ಹಿಮವೆಂದು ರೇಡಿಯೋ ಬೆಳಗಿನಿಂದ ಹೇಳುತ್ತಿತ್ತು. ಅವನು ಎರಡು ಸಲ ಕೆಮ್ಮಿದ.

“ಜೋಯಾನ್... ನಿಮ್ಮ ಹತ್ರ ಒಬ್ಬ ಸೂಪರಿಂಟೆಂಡೆಂಟ್ ಇದ್ದಾನೆ, ಅಲ್ವಾ?”

“ಇದ್ದಾರೆ,” ಎಂದಳು ಜೋಯಾನ್. ಆ ಒಂದು ಪದವನ್ನು ಆಕೆ ಸಕ್ಕರೆಯ ಹಾಗೆ ಚಪ್ಪರಿಸಿದಳು.

“ವಾರಕ್ಕೆ ಒಂದೆರಡು ದಿನ ಎರವಲು ಸಿಗ್ತಾನಾ? ಅಕ್ಕಪಕ್ಕದ ಊರು ನಾವು. ಆಪತ್ತಿಗಾಗದ ನೆಂಟಸ್ತಿಕೆ ಯಾಕೆ?”

“ಸೋಮವಾರ, ಬುಧವಾರ ತಗೊಳ್ಳಿ.”

“ಶುಕ್ರವಾರ?”

“ಒಂದು ವಾರ ಬಿಟ್ಟು ಒಂದು ವಾರ. ಹಲ್ಲು ಕಿತ್ತರೆ ಬದಲಿ ಇಲ್ಲ.”

ಹತ್ತೂ ಕೈಗಳು ಒಟ್ಟಿಗೆ ಮೇಲೆದ್ದವು. ಎರಡೂರಿನ ಇತಿಹಾಸದಲ್ಲಿ ಅಂಥ ಒಗ್ಗಟ್ಟು ಹಿಂದೆ ಆದದ್ದಿಲ್ಲ. ಎಲ್ಲರೂ ಕೈ ಕುಲುಕಿದರು, ಬೆನ್ನು ತಟ್ಟಿಕೊಂಡರು, ಊಟದ ಕೋಣೆಯ ಕಡೆ ಹೊರಟರು. ಬ್ರೆಕೆಯ ಕೈಯನ್ನು ಕುಲುಕಲು ಯಾರಿಗೂ ನೆನಪಾಗಲಿಲ್ಲ.

ಮೇವಿಸ್ ಕಾಗದ ಮಡಿಸುತ್ತ ಹತ್ತಿರ ಬಂದಳು.

“ಒಂದು ವಿಷಯ ಹೇಳ್ಬೇಕು ವರ್ಲಿನ್. ಮೂರನೇ ಪುಟ ಇವತ್ತಿಗೆ ಸತ್ತುಹೋಯ್ತು. ಟಿಲ್ಬಿ ನಿನಗೆ ನೌಕರಿ ಕೊಟ್ಟಿಲ್ಲ, ನಮ್ಮಿಂದ ಎರವಲು ತಗೊಂಡಿದೆ. ಎರವಲಿನ ದುಡ್ಡು ಮಂಡಳಿಗೆ ಬರುತ್ತೆ, ನಿನಗಲ್ಲ. ನಿನ್ನ ನೌಕರಿ ಈಗ ಬರೀ ಅರ್ಧ.”

“ಕೆಲಸ?”

“ಅದು ಮೊದಲಿನಷ್ಟೇ. ಆದ್ರೆ ಅರ್ಧ ನೌಕರೀಲಿ ಒಂದು ವರ್ಷ ದುಡಿದ್ರೆ ಪಿಂಚಣಿಯವರು ಅರ್ಧ ವರ್ಷ ಅಂತ ಹಿಡೀತಾರೆ. ಒಂದು ವರ್ಷ ಬಾಕಿ ಇತ್ತಲ್ಲ ನಿನಗೆ...” ಮೇವಿಸ್ ಮಾತು ಮುಗಿಸಲಿಲ್ಲ. ಒಂಬತ್ತು ಜನರಲ್ಲಿ ಯಾರಿಗೂ ಮಾಡದ ಕೆಲಸ ಮಾಡಿದಳು. ಅವರ ಹೆಗಲು ಮುಟ್ಟಿ ಹೋದಳು.

ಅಂಗಣದಲ್ಲಿ ಸೀಟಿ ಕೇಳಿಸಿತು. ಬಾಗಿಲಲ್ಲಿ ಡ್ವೇನ್ ಇಣುಕಿದ. “ಏನಯ್ಯಾ ಇನ್ನೂ ಕೂತಿದ್ದೀಯ? ಆಟ ನಮ್ಮೂರಲ್ಲಿ, ಮೊದಲರ್ಧ ನಮ್ಮ ಕಡೆ. ಬೇಗ ಬಾ.”

ಬ್ರೆಕೆ ಮೇಜಿನ ಮೇಲಿನ ಜಾಕೀಟು ಎತ್ತಿ, ಕೊಡವಿ, ಕೆಂಪು ಹೊರಗೆ ಮಾಡಿ ಹಾಕಿಕೊಂಡರು. ಟಿಲ್ಬಿಯ ಕಡೆಯ ಮೂರನೇ ಸಾಲಿನಲ್ಲಿ ಆರ್ಡಿಸ್ ಜಾಗ ಹಿಡಿದು, ತೊಡೆಯ ಮೇಲೆ ಒಂದು ಬಟ್ಟಲು ಸಾರು, ಒಂದು ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಕಾಯುತ್ತಿದ್ದಳು.

“ಏನಾಯ್ತು? ಒಪ್ಪಿದ್ರಾ?”

“ಒಪ್ಪಿದ್ರು. ಹತ್ತಕ್ಕೆ ಹತ್ತೂ ಜನ.”

“ದೇವರು ದೊಡ್ಡವನು! ನಾಳೆನೇ ಪರದೆ ಹೊಲಿಯೋಕೆ ಕೂರ್ತೀನಿ.”

ಬ್ರೆಕೆ ಬನ್ನನ್ನು ನಡುವೆ ಮುರಿದು ಅರ್ಧ ಆಕೆಗೆ ಕೊಟ್ಟರು. ಉಳಿದರ್ಧವನ್ನು ಸಾರಿನಲ್ಲಿ ಅದ್ದಿದರು. ಆಮೇಲೆ ಕೇಳಿದರು:

“ಆರ್ಡಿಸ್, ಆ ಬಟ್ಟೆ ಎರಡು ವರ್ಷ ಹಾಗೇ ಇಟ್ರೆ ಬಣ್ಣ ಹೋಗಲ್ಲ ತಾನೇ?”